ರೆಸಿಡೆಂಟ್ ಈವಿಲ್: ಬೇರಿಗೆ ಮರಳಿದ ಆಟಗಳಲ್ಲಿ ನಿಮಗೆ ಹೊಂದುವುದು ಯಾವುದು?

2012ರ ಆರನೇ ಆಟದ ಹೊತ್ತಿಗೆ ರೆಸಿಡೆಂಟ್ ಈವಿಲ್ ಎಂಬ ಭಯದ ವಿಡಿಯೊ ಗೇಮ್ ಸರಣಿ ಹೆಚ್ಚುಕಡಿಮೆ ಯುದ್ಧದ ಆಟವೇ ಆಗಿಹೋಗಿತ್ತು. ಅಲ್ಲಿಂದೀಚೆಗೆ ಅದರ ತಯಾರಕ ಕ್ಯಾಪ್‌ಕಾಮ್ ಏನೇ ತಂದರೂ ‘ಸರಣಿ ಬೇರಿಗೆ ಮರಳಿದೆ’ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಹೊಸದಾಗಿ ಆಡಲು ಹೊರಟವರಿಗೆ ಈ ಮಾತಿನಿಂದ ಪ್ರಯೋಜನ ಕಮ್ಮಿ. ಏಳನೇ ಆಟ ಮರಳಿದ್ದು ಒಂದು ದಾರಿಯಲ್ಲಿ, ಎರಡನೆಯದರ ರೀಮೇಕ್ ಮರಳಿದ್ದು ಇನ್ನೊಂದರಲ್ಲಿ. ಒಂದನ್ನು ಮೆಚ್ಚಿದವರು ಇನ್ನೊಂದನ್ನು ಅರ್ಧಕ್ಕೇ ಕೈಬಿಡುವಷ್ಟು ವ್ಯತ್ಯಾಸ ಇವೆರಡರ ನಡುವೆ ಇದೆ.

ಹೋಲಿಸುವ ಮುನ್ನ ಅಳತೆಗೋಲು ಬೇಕು. 1996ರಲ್ಲಿ ಶಿಂಜಿ ಮಿಕಾಮಿ ನಿರ್ದೇಶಿಸಿದ ಮೊದಲ ಆಟದಲ್ಲಿ ಝಾಂಬಿಗಳಿದ್ದವು, ಅಲುಗಾಡದ ಕ್ಯಾಮೆರಾ ಇತ್ತು, ಆದರೆ ಆಟಗಾರನನ್ನು ನಿಜವಾಗಿ ಹಿಂಡಿದ್ದು ಅವಲ್ಲ. ಆಡಲು ಸಿಗುವ ಇಬ್ಬರಲ್ಲಿ ಕ್ರಿಸ್‌ಗೆ 6 ಸ್ಲಾಟ್ (ವಸ್ತು ಇಡುವ ಖಾನೆ), ಜಿಲ್‌ಗೆ 8. ಗುಂಡು, ಗಿಡಮೂಲಿಕೆ, ಬೀಗದ ಕೈ ಎಲ್ಲವೂ ಅಷ್ಟರಲ್ಲೇ ತೂರಬೇಕು. ಸೇವ್ ಮಾಡಲು ಟೈಪ್‌ರೈಟರ್ ಸಿಕ್ಕರಷ್ಟೇ ಸಾಲದು, ಇಂಕ್ ರಿಬ್ಬನ್ನೂ ಬೇಕು. ಒಂದು ರಿಬ್ಬನ್‌ಗೆ ಒಂದೇ ಸೇವ್. ಕಥೆ ನಡೆಯುವ ಸ್ಪೆನ್ಸರ್ ಬಂಗಲೆಯ ಅದೇ ಪಡಸಾಲೆಗಳಲ್ಲಿ ಹತ್ತಾರು ಸಲ ಓಡಾಡಬೇಕು. ಝಾಂಬಿಯನ್ನು ಕೊಂದರೆ ಗುಂಡು ಖರ್ಚಾಗುತ್ತದೆಯೇ ಹೊರತು ಕೈಗೆ ಏನೂ ಬರುವುದಿಲ್ಲ. ಹಾಗಾಗಿ ಪ್ರತಿ ಬಾಗಿಲ ಮುಂದೆಯೂ ಒಂದು ಲೆಕ್ಕ: ಏನು ಹೊರಬೇಕು, ಯಾರನ್ನು ಕೊಲ್ಲಬೇಕು, ಯಾರನ್ನು ತಪ್ಪಿಸಿಕೊಂಡು ಓಡಬೇಕು, ಈಗ ಸೇವ್ ಮಾಡಲೇ ಬೇಡವೇ. ಆ ಲೆಕ್ಕ ಎಲ್ಲಿ ಉಳಿದಿದೆಯೋ ಅಲ್ಲಿ ಬೇರು ಉಳಿದಿದೆ.

ಈ ಅಳತೆಗೆ ಸಿಗದ ಮೂರನ್ನು ಬೇಗ ಬದಿಗಿಡೋಣ. 2023ರ ನಾಲ್ಕನೇ ಆಟದ ರೀಮೇಕ್ ಸರಣಿಯ ಅತ್ಯುತ್ತಮ ಆ್ಯಕ್ಷನ್ ಆಟ. ಚಾಕುವಿನಿಂದ ಗರಗಸವನ್ನೇ ತಡೆಯಬಹುದು, ಸತ್ತ ಶತ್ರುಗಳು ಗುಂಡು ಬಿಟ್ಟುಹೋಗುತ್ತಾರೆ, ವ್ಯಾಪಾರಿ ಬಂದೂಕನ್ನು ಬಲಪಡಿಸಿಕೊಡುತ್ತಾನೆ. ಅಂದರೆ ಇಲ್ಲಿ ಕಾದಾಡಿದವರಿಗೇ ಲಾಭ. (2005ರ ಮೂಲ ನಾಲ್ಕನ್ನು ನಿರ್ದೇಶಿಸಿದ್ದೂ ಮಿಕಾಮಿಯೇ. ಸರಣಿಯನ್ನು ಬೇರಿನಿಂದ ದೂರ ಒಯ್ದವರು ಹೊರಗಿನವರೇನಲ್ಲ.) 2021ರ ವಿಲೇಜ್‌ನಲ್ಲೂ ಡ್ಯೂಕ್ ಎಂಬ ವ್ಯಾಪಾರಿ, ಲೇ ಎಂಬ ನಾಣ್ಯ, ಮಾರಲು ನಿಧಿಗಳು. ಅದರಲ್ಲಿ ನಿಮ್ಮ ಆಯುಧಗಳನ್ನೆಲ್ಲ ಕಿತ್ತುಕೊಳ್ಳುವ ಬೆನೆವಿಯೆಂಟೊ ಮನೆಯ ಭಾಗ ಮಾತ್ರ ಬೇರೆಯೇ ಜಾತಿಯದು, ಅದಕ್ಕಾಗಿಯೇ ಆಡಿದರೂ ತಪ್ಪಿಲ್ಲ. 2020ರ ಮೂರನೇ ಆಟದ ರೀಮೇಕ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಎರಡನೆಯದರ ರೀಮೇಕ್ ಇಷ್ಟವಾದವರು ಅದೇ ರುಚಿ ಸಿಗುತ್ತದೆಂದು ಇದನ್ನು ಕೊಳ್ಳುತ್ತಾರೆ. ಆಟ ಸುಮಾರು 5-6 ಗಂಟೆಗೆ ಮುಗಿಯುತ್ತದೆ, ನೆಮೆಸಿಸ್ ಎಂಬ ದೈತ್ಯ ಬಹುತೇಕ ಮೊದಲೇ ಬರೆದಿಟ್ಟ ದೃಶ್ಯಗಳಲ್ಲಷ್ಟೇ ಬೆನ್ನಟ್ಟುತ್ತಾನೆ, ಮೂಲದಲ್ಲಿದ್ದ ಗಡಿಯಾರ ಗೋಪುರದ ಒಳಭಾಗ ಇಲ್ಲವೇ ಇಲ್ಲ. ಕಡಿಮೆ ಬೆಲೆಗೆ ಸಿಕ್ಕಾಗ ಆಡಲು ಸರಿ, ಮೊದಲ ಆಯ್ಕೆಯಾಗಿ ಅಲ್ಲ.

ಉಳಿಯುವುದು ಮೂರು: ಮೊದಲ ಆಟದ 2002ರ ರೀಮೇಕ್, 2017ರ ಏಳನೇ ಆಟ, 2019ರ ಎರಡನೇ ಆಟದ ರೀಮೇಕ್.

2002ರ ರೀಮೇಕ್: ಲೆಕ್ಕ ಇಷ್ಟವಾದರೆ

ಇದು ಮೊದಲು ಗೇಮ್‌ಕ್ಯೂಬ್‌ಗೆ ಬಂತು. ಈಗ ಸಿಗುವುದು 2015ರ ಎಚ್‌ಡಿ ಆವೃತ್ತಿ. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಎಲ್ಲದರಲ್ಲೂ ಇದೆ. ಹಳೆಯ ಕಂಪ್ಯೂಟರಿನಲ್ಲೂ ಸಲೀಸಾಗಿ ಓಡುತ್ತದೆ.

ಇದರ ಜೀವಾಳ ಒಂದೇ ನಿಯಮದಲ್ಲಿದೆ. ಕೊಂದ ಝಾಂಬಿಯ ತಲೆ ಸಿಡಿದಿರಬೇಕು, ಇಲ್ಲವೇ ಶವವನ್ನು ಸುಟ್ಟಿರಬೇಕು. ಎರಡೂ ಆಗದಿದ್ದರೆ ಅದು ಕೆಲಕಾಲದ ನಂತರ ಕ್ರಿಮ್ಸನ್ ಹೆಡ್ ಆಗಿ ಏಳುತ್ತದೆ: ಕೆಂಪು ತಲೆ, ಉಗುರು, ಓಟ. ಸುಡಲು ಲೈಟರ್ ಮತ್ತು ಸೀಮೆಎಣ್ಣೆಯ ಕ್ಯಾಂಟೀನ್ ಬೇಕು. ಕ್ಯಾಂಟೀನ್ ಒಮ್ಮೆ ತುಂಬಿದರೆ 2 ಸಲ ಸುಡಬಹುದು, ಸೀಮೆಎಣ್ಣೆಯೂ ಬಂಗಲೆಯಲ್ಲಿ ಮಿತವಾಗಿಯೇ ಸಿಗುತ್ತದೆ. ಹೊಸಬರು ಎಡವುವುದು ಇಲ್ಲೇ. ಬೇರೆ ಆಟಗಳ ರೂಢಿಯಂತೆ ಕಂಡ ಝಾಂಬಿಗಳನ್ನೆಲ್ಲ ಪಿಸ್ತೂಲಿನಿಂದ ಉರುಳಿಸುತ್ತಾ ಹೋಗುತ್ತಾರೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಬಂಗಲೆ ಮೊದಲಿಗಿಂತ ಅಪಾಯಕಾರಿಯಾಗಿರುತ್ತದೆ. ಕೊಲ್ಲದೆ ಬಿಟ್ಟ ಝಾಂಬಿ ನಿಧಾನವಾಗಿ ತೆವಳುವ ಝಾಂಬಿಯಾಗಿಯೇ ಉಳಿಯುತ್ತದೆ, ಕೊಂದು ಬಿಟ್ಟದ್ದೇ ಓಡಿಬರುವುದು.

ಹಾಗಾಗಿ ಕ್ರಮ ಹೀಗಿರಲಿ. ಸೇವ್ ಕೋಣೆ (ಟೈಪ್‌ರೈಟರ್ ಇರುವ ಕೋಣೆ) ಮತ್ತು ಮುಖ್ಯ ಹಜಾರದ ನಡುವಿನ ಪಡಸಾಲೆಗಳನ್ನು ಮತ್ತೆ ಮತ್ತೆ ದಾಟಬೇಕಾಗುತ್ತದೆ. ಅಲ್ಲಿನ ಝಾಂಬಿಗಳನ್ನು ಕೊಲ್ಲಿ, ಸುಡಿ. ಒಮ್ಮೆ ಹೊಕ್ಕು ವಸ್ತು ತೆಗೆದುಕೊಂಡು ಬರುವ ಕೋಣೆಗಳಲ್ಲಿ ಸುತ್ತು ಹಾಕಿ ತಪ್ಪಿಸಿಕೊಳ್ಳಿ. ಬಿದ್ದ ಝಾಂಬಿಯ ಸುತ್ತ ರಕ್ತ ಹರಡಿದ್ದರೆ ಅದು ಸತ್ತಿದೆ, ಇಲ್ಲದಿದ್ದರೆ ಇನ್ನೂ ಏಳುತ್ತದೆ. ಶಾಟ್‌ಗನ್ ಸಿಕ್ಕಮೇಲೆ ಝಾಂಬಿ ತೀರಾ ಹತ್ತಿರ ಬರುವವರೆಗೆ ಕಾದು, ಗುರಿಯನ್ನು ಮೇಲಕ್ಕೆತ್ತಿ ಹೊಡೆದರೆ ತಲೆ ಸಿಡಿಯುತ್ತದೆ, ಸೀಮೆಎಣ್ಣೆ ಉಳಿಯುತ್ತದೆ. ಆದರೆ ಶಾಟ್‌ಗನ್ ಗುಂಡುಗಳನ್ನೆಲ್ಲ ಇದಕ್ಕೇ ಸುರಿಯಬೇಡಿ. ಹೊರಗಿನ ಕಟ್ಟಡದಿಂದ ಬಂಗಲೆಗೆ ಮರಳಿದಾಗ ಹಂಟರ್ ಎಂಬ ಜೀವಿಗಳು ಕಾದಿರುತ್ತವೆ. ಅವುಗಳ ಎದುರು ಪಿಸ್ತೂಲು ನಂಬುವುದು ಪ್ರಾಣಕ್ಕೇ ಸಂಚಕಾರ.

ಜಿಲ್ ಅಥವಾ ಕ್ರಿಸ್? ಮೊದಲ ಸಲಕ್ಕೆ ಜಿಲ್. 8 ಸ್ಲಾಟ್, ಬೀಗ ತೆರೆಯುವ ಲಾಕ್‌ಪಿಕ್, ಗ್ರೆನೇಡ್ ಲಾಂಚರ್, ಆಗಾಗ ನೆರವಿಗೆ ಬರುವ ಬ್ಯಾರಿ. ಕ್ರಿಸ್ ಹೆಚ್ಚು ಪೆಟ್ಟು ತಾಳುತ್ತಾನೆ, ಅವನ ಲೈಟರ್ ಸ್ಲಾಟ್ ತಿನ್ನುವುದಿಲ್ಲ (ಜಿಲ್‌ಳದು ತಿನ್ನುತ್ತದೆ). ಆದರೂ 6 ಸ್ಲಾಟ್‌ಗಳಲ್ಲಿ ಒಮ್ಮೆ ಬಳಸಿದರೆ ಮುಗಿದುಹೋಗುವ ಹಳೇ ಕೀಲಿಗಳನ್ನೂ ಹೊರಬೇಕಾದಾಗ ಅರ್ಧ ಆಟ ಐಟಂ ಬಾಕ್ಸಿಗೆ (ವಸ್ತುಗಳನ್ನು ಇಟ್ಟುಹೋಗುವ ಪೆಟ್ಟಿಗೆ) ಎಡತಾಕುವುದರಲ್ಲೇ ಕಳೆಯುತ್ತದೆ. ಯಾರನ್ನೇ ಆರಿಸಿದರೂ ಪೆಟ್ಟಿಗೆಯಿಂದ ಹೊರಡುವಾಗ 2-3 ಸ್ಲಾಟ್ ಖಾಲಿ ಇರಲಿ. ರಿಬ್ಬನ್‌ಗಳನ್ನು ಜೇಬಿನಲ್ಲಿ ಹೊತ್ತು ತಿರುಗಬೇಡಿ. ಒಂದು ಪೆಟ್ಟಿಗೆಯಲ್ಲಿಟ್ಟದ್ದು ಎಲ್ಲ ಪೆಟ್ಟಿಗೆಗಳಲ್ಲೂ ಸಿಗುತ್ತದೆ, ಟೈಪ್‌ರೈಟರ್ ಪಕ್ಕದಲ್ಲಿ ಸಾಮಾನ್ಯವಾಗಿ ಪೆಟ್ಟಿಗೆ ಇದ್ದೇ ಇರುತ್ತದೆ.

ನಿಯಂತ್ರಣಕ್ಕೆ ಹೆದರುವವರಿಗೆ ಎಚ್‌ಡಿಯಲ್ಲಿ ಎರಡು ವಿಧಾನಗಳಿವೆ. ಹೊಸದರಲ್ಲಿ ಸ್ಟಿಕ್ ತಿರುಗಿಸಿದತ್ತ ಪಾತ್ರ ಓಡುತ್ತದೆ. ಹಳೆಯ ಟ್ಯಾಂಕ್ ವಿಧಾನದಲ್ಲಿ ಮೇಲಕ್ಕೆ ಒತ್ತಿದರೆ ಯಾವಾಗಲೂ ಮುಂದಕ್ಕೆ. ಹೊಸ ವಿಧಾನದಲ್ಲಿ ಕ್ಯಾಮೆರಾ ಬದಲಾದ ಕ್ಷಣ ಸ್ಟಿಕ್ ಬಿಟ್ಟು ಮತ್ತೆ ಒತ್ತಿದರೆ ಪಾತ್ರ ಬಂದ ದಾರಿಗೇ ತಿರುಗಿ ಝಾಂಬಿಯ ತೋಳಿಗೆ ಬೀಳುತ್ತದೆ. ಒತ್ತಿದ್ದನ್ನು ಬಿಡದೆ ಹಿಡಿದಿದ್ದರೆ ಹಿಡಿದ ದಿಕ್ಕು ತಪ್ಪುವುದಿಲ್ಲ. ಆಟದ ಕೊರತೆಯೂ ಕ್ಯಾಮೆರಾದ್ದೇ: ಮೂಲೆಯಾಚೆ ಕಾಣದ ಶತ್ರುವಿನತ್ತ ಗುಂಡು ಹಾರಿಸುವ ಪ್ರಸಂಗ ಆಗಾಗ ಬರುತ್ತದೆ. ಅದನ್ನು ಆಟದ ಭಾಗವೆಂದು ಒಪ್ಪದವರಿಗೆ ಇದು ಹಿಡಿಸುವುದು ಕಷ್ಟ.

2017ರ ಏಳನೇ ಆಟ: ಹೆದರಿಕೆಯೇ ಬೇಕಾದರೆ

ಕೋಶಿ ನಕಾನಿಶಿ ನಿರ್ದೇಶನದ ಏಳನೇ ಆಟ ಕ್ಯಾಮೆರಾವನ್ನು ನೇರ ಕಣ್ಣಿನೊಳಕ್ಕೆ ತಂದಿಟ್ಟಿತು. ಲೂಸಿಯಾನಾದ ಡಲ್ವಿಯಲ್ಲಿ ಬೇಕರ್ ಕುಟುಂಬದ ಮನೆ; ಕಾಣೆಯಾದ ಹೆಂಡತಿ ಮಿಯಾಳನ್ನು ಹುಡುಕಿ ಬಂದ ಈಥನ್ ವಿಂಟರ್ಸ್. ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. ನೋಟ ಬದಲಾದರೂ ಒಳಗಿನ ಗಡಿಯಾರ ಹಳೆಯದೇ: ಚೇಳು, ಕಾಗೆ, ಹಾವಿನ ಗುರುತಿನ ಕೀಲಿಗಳು, ಹಂಚಿಕೊಂಡ ಐಟಂ ಬಾಕ್ಸುಗಳು, ಸತ್ತರೂ ಏನೂ ಬಿಟ್ಟುಹೋಗದ ಶತ್ರುಗಳು. ಹಜಾರದ ಪಕ್ಕದ ಕೋಣೆಯಲ್ಲಿ ಪ್ರತಿಮೆಯ ಕೈಯಿಂದ ಶಾಟ್‌ಗನ್ ತೆಗೆದರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಬದಲಿಗೆ ಇನ್ನೊಂದನ್ನು ಇಟ್ಟರೇ ತೆರೆಯುವುದು. 1996ರ ಆಟಗಾರರಿಗೆ ಇದು ಹಳೆಯ ಪರಿಚಯದ ನಗು.

ಆರಂಭದಲ್ಲಿ 12 ಸ್ಲಾಟ್, ಬೆನ್ನಚೀಲಗಳು ಸಿಕ್ಕಂತೆ 20ರವರೆಗೆ. ಲೆಕ್ಕ ಇಲ್ಲಿ ಚೀಲಕ್ಕಿಂತ ಕೆಮ್ ಫ್ಲೂಯಿಡ್ ಬಾಟಲಿಯ ಮೇಲೆ ನಿಂತಿದೆ. ಅದೇ ದ್ರವಕ್ಕೆ ಗಿಡಮೂಲಿಕೆ ಸೇರಿಸಿದರೆ ಔಷಧಿ, ಗನ್‌ಪೌಡರ್ ಸೇರಿಸಿದರೆ ಪಿಸ್ತೂಲಿನ ಗುಂಡು, ಘನ ಇಂಧನ ಸೇರಿಸಿದರೆ ಬರ್ನರ್ ಎಂಬ ಬೆಂಕಿಯ ಆಯುಧಕ್ಕೆ ಉರಿ. ಸಿಕ್ಕ ಕೂಡಲೇ ಬೆರೆಸಬೇಡಿ. ಮುಂದಿನ ಹೋರಾಟ ಯಾವುದೆಂದು ಗೊತ್ತಾಗುವವರೆಗೆ ಬಿಡಿಯಾಗಿಯೇ ಇಟ್ಟುಕೊಳ್ಳಿ. ಜಾಗದ ಕೊರತೆ ಬಂದಾಗಷ್ಟೇ ಬೆರೆಸಿ. ಇನ್ನೊಂದು, ತಡೆಯುವ ಗುಂಡಿ. ಎರಡೂ ಕೈ ಎತ್ತಿ ಮುಖ ಮುಚ್ಚಿಕೊಳ್ಳುವ ಆ ಭಂಗಿ ನೋಡಲು ನಿಷ್ಪ್ರಯೋಜಕ ಅನ್ನಿಸಿದರೂ ಪೆಟ್ಟನ್ನು ಗಣನೀಯವಾಗಿ ತಗ್ಗಿಸುತ್ತದೆ. ಆಟ ವಿಪರೀತ ಕಷ್ಟ ಅನ್ನಿಸಿದರೆ ಈ ಗುಂಡಿಯನ್ನು ನೀವು ಮರೆತಿರುವ ಸಾಧ್ಯತೆಯೇ ಹೆಚ್ಚು. ಮೋಲ್ಡೆಡ್ ಎಂಬ ಕಪ್ಪು ಜೀವಿಗಳ ತಲೆಗೆ ಗುರಿಯಿಡಿ, ಅದಾಗದಿದ್ದರೆ ಕಾಲು ಉರುಳಿಸಿ ಓಡಿ.

ಹಳೆಯ ನಾಣ್ಯಗಳು ಸಾಮಾನ್ಯ ಮಟ್ಟದಲ್ಲಿ 18 ಇವೆ. ಹಕ್ಕಿಪಂಜರಗಳಲ್ಲಿ ಬೀಗ ಹಾಕಿಟ್ಟ ವಸ್ತುಗಳನ್ನು ಇವುಗಳಿಂದ ಬಿಡಿಸಿಕೊಳ್ಳಬೇಕು. ಮ್ಯಾಗ್ನಮ್‌ಗೆ 9 ಬೇಕು, ಆದರೆ ಅದರ ಗುಂಡು ಅಪರೂಪ; ಮೊದಲು ಆರೋಗ್ಯ ಹೆಚ್ಚಿಸುವ ಸ್ಟೀರಾಯ್ಡ್, ಬೇಗ ಲೋಡ್ ಮಾಡಿಸುವ ಸ್ಟೆಬಿಲೈಸರ್ ತೆಗೆದುಕೊಂಡರೆ ಅವುಗಳ ಫಲ ಕೊನೆಯವರೆಗೆ ಇರುತ್ತದೆ.

ಈ ಆಟದ ದೌರ್ಬಲ್ಯ ಎರಡನೇ ಅರ್ಧ. ಬೇಕರ್ ಮನೆಯಲ್ಲಿ ಇರುವಷ್ಟು ಹೊತ್ತು ಸರಣಿಯಲ್ಲೇ ಇದಕ್ಕೆ ಸಾಟಿ ಇಲ್ಲ. ಹಡಗಿಗೆ ಬಂದಾಗ ಬಿಗಿ ಸಡಿಲುತ್ತದೆ, ಉಪ್ಪಿನ ಗಣಿಯಲ್ಲಿ ಅದು ಬರೀ ಗುಂಡು ಹಾರಿಸುವ ಓಣಿ. ಸಾಮಾನ್ಯ ಮಟ್ಟದಲ್ಲಿ ಟೇಪ್ ರೆಕಾರ್ಡರಿನಲ್ಲಿ ಎಷ್ಟು ಸಲ ಬೇಕಾದರೂ ಸೇವ್ ಮಾಡಬಹುದು, ಆಟವೂ ತಾನಾಗಿ ಸೇವ್ ಮಾಡುತ್ತಾ ಹೋಗುತ್ತದೆ. ಆದ್ದರಿಂದ ಸೇವ್‌ನ ಲೆಕ್ಕ ಇಲ್ಲಿಲ್ಲ. ಅದು ಬೇಕಿದ್ದರೆ ಮ್ಯಾಡ್‌ಹೌಸ್ ಮಟ್ಟಕ್ಕೆ ಹೋಗಬೇಕು: ಪ್ರತಿ ಸೇವ್‌ಗೆ ಒಂದು ಕ್ಯಾಸೆಟ್, ವಸ್ತುಗಳ ಜಾಗ ಬದಲು, ನಾಣ್ಯಗಳು 33.

ಮೊದಲ ತಲೆಮಾರಿನ ಪಿಎಸ್ ವಿಆರ್ (ಪ್ಲೇಸ್ಟೇಷನ್‌ನ ವರ್ಚುವಲ್ ರಿಯಾಲಿಟಿ ಸಾಧನ) ಇದ್ದವರು ಇಡೀ ಆಟವನ್ನು ಅದರಲ್ಲಿ ಆಡಬಹುದು, ಆದರೆ ಪಿಎಸ್4 ಆವೃತ್ತಿಯಲ್ಲಿ ಮಾತ್ರ. ಪಿಎಸ್5ಕ್ಕೆ ಉನ್ನತೀಕರಿಸಿದ ಆವೃತ್ತಿಯಲ್ಲಿ ವಿಆರ್ ಇಲ್ಲ.

2019ರ ಎರಡನೇ ಆಟದ ರೀಮೇಕ್: ಎರಡೂ ಒಟ್ಟಿಗೆ ಬೇಕಾದರೆ

ಒಂದೇ ಆಟ ಕೊಳ್ಳುವ ಯೋಚನೆ ಇದ್ದರೆ ಇದನ್ನೇ ಕೊಳ್ಳಿ. ಭುಜದ ಹಿಂದಿನ ಕ್ಯಾಮೆರಾ ಇಂದಿನ ಆಟಗಾರರಿಗೆ ಪರಿಚಿತ, ಗುರಿಯಿಡುವುದು ನಿಮ್ಮ ಕೈಯಲ್ಲೇ ಇದೆ, ಆದರೂ ರಕೂನ್ ಸಿಟಿಯ ಪೊಲೀಸ್ ಠಾಣೆ ಸ್ಪೆನ್ಸರ್ ಬಂಗಲೆಯಷ್ಟೇ ಗಂಟುಗಂಟಾದ ಕಟ್ಟಡ. ನಕ್ಷೆ ಮಾತ್ರ ಹಳೆಯದಕ್ಕಿಂತ ಎಷ್ಟೋ ಉದಾರಿ. ಇನ್ನೂ ವಸ್ತು ಉಳಿದಿರುವ ಕೋಣೆ ಕೆಂಪು, ಎಲ್ಲ ಮುಗಿದದ್ದು ನೀಲಿ. ಕೆಲಸ ಮುಗಿದ ಕೀಲಿಯ ಮೇಲೆ ಕೆಂಪು ಗುರುತು ಬೀಳುತ್ತದೆ, ಧೈರ್ಯವಾಗಿ ಎಸೆಯಬಹುದು.

8 ಸ್ಲಾಟ್‌ಗಳಿಂದ ಶುರು. ಒಂದೊಂದು ಹಿಪ್ ಪೌಚ್‌ಗೆ 2 ಹೆಚ್ಚುತ್ತಾ 20ಕ್ಕೆ ಏರುತ್ತದೆ. ಮೊದಲನೆಯದನ್ನು ಬಿಡಬೇಡಿ: ವೆಸ್ಟ್ ಆಫೀಸಿನ ತಿಜೋರಿ, ಎಡಕ್ಕೆ 9, ಬಲಕ್ಕೆ 15, ಎಡಕ್ಕೆ 7. ಬಂದೂಕಿನ ಬಿಡಿಭಾಗಗಳಿಗೂ ಬೆಲೆ ತೆರಬೇಕು. ಆಡಲು ಸಿಗುವ ಇಬ್ಬರಲ್ಲಿ ಒಬ್ಬನಾದ ಲಿಯಾನ್‌ನ ಮಟಿಲ್ಡಾ ಪಿಸ್ತೂಲಿಗೆ ಸ್ಟಾಕ್ ಜೋಡಿಸಿದರೆ ಅದು 2 ಸ್ಲಾಟ್ ಹಿಡಿಯುತ್ತದೆ, ಮೇಲಾಗಿ ಮೂರು ಮೂರು ಗುಂಡುಗಳ ದುಂದು. ಠಾಣೆಯಲ್ಲಿ ಇರುವವರೆಗೆ ಅದನ್ನು ಪೆಟ್ಟಿಗೆಯಲ್ಲೇ ಬಿಡುವುದು ಲೇಸು.

ಇಲ್ಲಿನ ಝಾಂಬಿಗಳು ಸರಣಿಯಲ್ಲೇ ಗಟ್ಟಿಪಿಂಡಗಳು. ತಲೆಗೆ ನಾಲ್ಕಾರು ಗುಂಡು ತಿಂದು ಬಿದ್ದು, ನೀವು ಬೆನ್ನು ತಿರುಗಿಸಿದ ಮೇಲೆ ಏಳುತ್ತವೆ. ಬಿದ್ದದ್ದು ಸತ್ತಿದೆಯೇ ಎಂದು ಚಾಕುವಿನಿಂದ ಒಮ್ಮೆ ಎಳೆದು ನೋಡಿ, ಮಿಸುಕಿದರೆ ಬದುಕಿದೆ. ಎಲ್ಲರನ್ನೂ ಕೊಲ್ಲುವಷ್ಟು ಗುಂಡು ಆಟ ಕೊಡುವುದಿಲ್ಲ. ಅಗಲ ಪಡಸಾಲೆಯಲ್ಲಿ ಮಂಡಿಗೆ ಹೊಡೆದು ಉರುಳಿಸಿ ದಾಟಿ, ಇಕ್ಕಟ್ಟಿನಲ್ಲಿ ಮಾತ್ರ ಮುಗಿಸಿ. ಓಡುತ್ತಾ ಹಾರಿಸಿದ ಗುಂಡು ಎತ್ತಲೋ ಹೋಗುತ್ತದೆ. ನಿಂತು, ಗುರಿಯ ಗೆರೆಗಳು ಕೂಡಿಕೊಳ್ಳುವವರೆಗೆ ಉಸಿರು ಹಿಡಿದರೆ ಅದೇ ಗುಂಡಿನ ಬಲವೂ ಹೆಚ್ಚು. ಮರದ ಹಲಗೆಗಳನ್ನು ಸಿಕ್ಕ ಮೊದಲ ಕಿಟಕಿಗೆ ಹೊಡೆಯಬೇಡಿ. ದಿನನಿತ್ಯ ಓಡಾಡುವ ಪಶ್ಚಿಮದ ಪಡಸಾಲೆಗೆ ಮೀಸಲಿಡಿ, ಏಕೆಂದರೆ ಹೊರಗಿನ ಝಾಂಬಿಗಳು ಆ ಕಿಟಕಿಗಳಿಂದಲೇ ಒಳಬಂದು ನೀವು ಬಿಡಿಸಿಟ್ಟ ದಾರಿಯನ್ನು ಮತ್ತೆ ಕೆಡಿಸುತ್ತವೆ. ಲಿಕ್ಕರ್ ಎಂಬ ಜೀವಿಗಳಿಗೆ ಕಣ್ಣಿಲ್ಲ, ಕಿವಿ ಮಾತ್ರ. ಸ್ಟಿಕ್ಕನ್ನು ಅರ್ಧ ಒತ್ತಿ ನಡೆದರೆ ಪಕ್ಕದಲ್ಲೇ ಹಾದುಹೋಗಬಹುದು.

ಉರಿಯುವ ಹೆಲಿಕಾಪ್ಟರನ್ನು ಆರಿಸಿದ ಮೇಲೆ ಮಿಸ್ಟರ್ ಎಕ್ಸ್ ಎಂಬ ಬೆನ್ನಟ್ಟುವ ದೈತ್ಯ ಬರುತ್ತಾನೆ, ಅಲ್ಲಿಗೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಲಿಕ್ಕರ್ ಎದುರು ನಿಧಾನವಾಗಿ ನಡೆಯಬೇಕು, ಹಿಂದಿನಿಂದ ಬೂಟಿನ ಸದ್ದು ಬಂದರೆ ಓಡಬೇಕು. ಇದೇ ಆಟದ ಶ್ರೇಷ್ಠ ಕ್ಷಣ, ಅನೇಕರು ಆಟ ಬಿಡುವ ಕ್ಷಣವೂ ಇದೇ. ಅವನನ್ನು ಕೊಲ್ಲಲು ಆಗುವುದಿಲ್ಲ. ಗುಂಡು ಸುರಿದರೆ ಕೆಲ ಹೊತ್ತು ಮಂಡಿಯೂರುತ್ತಾನೆ, ಅಷ್ಟಕ್ಕೆ ಅಷ್ಟು ಗುಂಡು ನಷ್ಟ. ಫ್ಲ್ಯಾಶ್ ಗ್ರೆನೇಡ್ ಅಗ್ಗ. ಸೇವ್ ಕೋಣೆಗಳಿಗೆ ಅವನು ಕಾಲಿಡುವುದಿಲ್ಲ, ಆದರೆ ಮುಖ್ಯ ಹಜಾರಕ್ಕೆ ಬರುತ್ತಾನೆ, ಅಲ್ಲಿನ ಟೈಪ್‌ರೈಟರ್ ನಂಬಿ ನಿಲ್ಲಬೇಡಿ. ಕಷ್ಟ ತಗ್ಗಿಸುವ ಉಪಾಯ ಇದು: ಹೆಲಿಕಾಪ್ಟರ್ ಆರಿಸುವ ಮೊದಲೇ ಕೈಗೆಟಕುವ ಕೋಣೆಗಳನ್ನೆಲ್ಲ ನೀಲಿ ಮಾಡಿ, ದಾರಿಯ ಝಾಂಬಿಗಳನ್ನು ತೆರವು ಮಾಡಿ. ಬೆನ್ನಟ್ಟುವವನಿದ್ದಾಗ ಹುಡುಕಾಟ ಬಾಕಿ ಉಳಿಸಿಕೊಂಡವರೇ ಸಿಕ್ಕಿಬೀಳುವುದು.

ಲಿಯಾನ್, ಕ್ಲೇರ್ ಇಬ್ಬರಿಗೂ ಬೇರೆ ಬೇರೆ ಆಯುಧ: ಅವನಿಗೆ ಶಾಟ್‌ಗನ್, ಅವಳಿಗೆ ಗ್ರೆನೇಡ್ ಲಾಂಚರ್. ಯಾರಿಂದ ಶುರುಮಾಡಿದರೂ ನಡೆಯುತ್ತದೆ, ಆದರೆ ಇನ್ನೊಬ್ಬರ ಎರಡನೇ ಓಟ ಆಡದೆ ನಿಲ್ಲಿಸಬೇಡಿ, ನಿಜವಾದ ಅಂತ್ಯ ಅದರ ಕೊನೆಯಲ್ಲಿದೆ. ಎರಡು ಕಥೆಗಳು ಒಂದಕ್ಕೊಂದು ಸರಿಯಾಗಿ ಹೆಣೆದುಕೊಳ್ಳುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಇಬ್ಬರೂ ಬೇರೆ ಬೇರೆಯಾಗಿ ಅದೇ ಶತ್ರುವನ್ನು ಅದೇ ಜಾಗದಲ್ಲಿ ಸೋಲಿಸುತ್ತಾರೆ, ಆಟ ಅದಕ್ಕೆ ವಿವರಣೆ ಕೊಡುವ ಗೋಜಿಗೇ ಹೋಗುವುದಿಲ್ಲ.

ಸ್ಟ್ಯಾಂಡರ್ಡ್ ಮಟ್ಟದಲ್ಲಿ ಸೇವ್‌ಗೆ ಮಿತಿಯಿಲ್ಲ. ಹಾರ್ಡ್‌ಕೋರ್‌ನಲ್ಲಿ ಇಂಕ್ ರಿಬ್ಬನ್ ಮರಳುತ್ತದೆ, ತಾನಾಗಿ ಸೇವ್ ಆಗುವುದು ನಿಲ್ಲುತ್ತದೆ. ಮೊದಲ ಸಲಕ್ಕೇ ಹಾರ್ಡ್‌ಕೋರ್ ಹಿಡಿದರೆ ದಾರಿ ಗೊತ್ತಿಲ್ಲದೆ ಸಾಯುವುದರಲ್ಲೇ ಸಮಯ ಹೋಗುತ್ತದೆ. ಠಾಣೆಯ ನಕ್ಷೆ ತಲೆಯಲ್ಲಿ ಕೂತ ಮೇಲೆ ಎರಡನೇ ಸಲಕ್ಕೆ ಅದೇ ಸರಿಯಾದ ಮಟ್ಟ.

ಆರಿಸುವಾಗ

ಭಯ ತಾಳುವ ಶಕ್ತಿ ಕಡಿಮೆ, ಆದರೆ ಒಗಟು ಮತ್ತು ಯೋಜನೆ ಇಷ್ಟ ಎನ್ನುವವರಿಗೆ 2002ರ ರೀಮೇಕ್. ಕ್ಯಾಮೆರಾ ದೂರದಲ್ಲಿರುವುದರಿಂದ ಅದರ ಭಯ ಮುಖಕ್ಕೆ ಅಪ್ಪಳಿಸುವುದಿಲ್ಲ. ಯೋಜನೆ ಬೇಡ, ಮೈ ನಡುಗಬೇಕು ಎನ್ನುವವರಿಗೆ ಏಳು. ಮೊದಲ ವ್ಯಕ್ತಿಯ ನೋಟದಲ್ಲಿ ತಲೆಸುತ್ತು ಬರುವವರು ಅದನ್ನು ಬಿಟ್ಟು ಎರಡರ ರೀಮೇಕಿಗೆ ಹೋಗಲಿ. ಯಾರೋ ಬೆನ್ನು ಹತ್ತಿದ್ದಾರೆಂಬ ಒತ್ತಡವೇ ಆಗದವರಿಗೆ ಎರಡರ ರೀಮೇಕ್ ಹಿಂಸೆಯಾದೀತು. ಏಳರಲ್ಲಿ ಮನೆಯ ಯಜಮಾನ ಜಾಕ್ ಬೇಕರ್ ಕೂಡ ಅಟ್ಟಾಡಿಸುತ್ತಾನೆ, ಆದರೆ ಕೆಲವು ಹೊತ್ತು ಮಾತ್ರ.

ಪಿಸಿಯಲ್ಲಿ ಒಂದು ತಾಂತ್ರಿಕ ಸಂಗತಿ ಗಮನದಲ್ಲಿರಲಿ. 2022ರ ಜೂನ್‌ನಲ್ಲಿ ಬಂದ ಅಪ್‌ಡೇಟ್ ಎರಡು, ಮೂರರ ರೀಮೇಕ್‌ಗಳನ್ನೂ ಏಳನೇ ಆಟವನ್ನೂ ಡೈರೆಕ್ಟ್‌ಎಕ್ಸ್ 12ಕ್ಕೆ ಏರಿಸಿತು. ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಆಟ ತೊಡರುತ್ತಿದ್ದರೆ ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್ ತೆರೆದು ಬೀಟಾಸ್ ವಿಭಾಗದಲ್ಲಿ ರೇ ಟ್ರೇಸಿಂಗ್ ಇಲ್ಲದ ಡೈರೆಕ್ಟ್‌ಎಕ್ಸ್ 11ರ ಆವೃತ್ತಿ ಆರಿಸಿ, ಸಮಸ್ಯೆ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ.

ಮೂರನ್ನೂ ಆಡುವ ಮನಸ್ಸಿದ್ದರೆ ಎರಡರ ರೀಮೇಕ್, ನಂತರ ಏಳು, ಕೊನೆಗೆ 2002ರದು. ಬಿಡುಗಡೆಯ ಕ್ರಮ ಹಿಡಿದು 2002ರಿಂದ ಶುರುಮಾಡಿದವರು ಕ್ಯಾಮೆರಾ, ಸ್ಲಾಟ್, ರಿಬ್ಬನ್ ಮೂರನ್ನೂ ಒಂದೇ ಸಲ ಕಲಿಯಬೇಕಾಗಿ ಸೋಲುತ್ತಾರೆ. ಎರಡರ ರೀಮೇಕನ್ನು ಹಾರ್ಡ್‌ಕೋರ್‌ನಲ್ಲೂ ಆಡಿ ಬಂದವರಿಗೆ ಕಲಿಯಲು ಉಳಿಯುವುದು ಕ್ಯಾಮೆರಾ ಒಂದೇ. ಅದಾದ ಮೇಲೂ ಹಸಿವು ತೀರದವರಿಗೆ ಎರಡು ದಾರಿಗಳಿವೆ. ಹಿಂದಕ್ಕೆ ಹೋಗುವುದಾದರೆ 1996ರ ಮೂಲ ಆಟವೇ 2024ರಿಂದ ಗಾಗ್ (GOG) ಎಂಬ ಆನ್‌ಲೈನ್ ಅಂಗಡಿಯಲ್ಲಿ ಇಂದಿನ ಪಿಸಿಗಳಿಗೆ ಸಿಗುತ್ತಿದೆ. ಅಲ್ಲೇ ಇರುವುದಾದರೆ 2002ರ ರೀಮೇಕ್ ಮುಗಿಸಿ ರಿಯಲ್ ಸರ್ವೈವರ್ ಎಂಬ ಮಟ್ಟ ತೆರೆಯಿರಿ: ಅದರಲ್ಲಿ ಐಟಂ ಬಾಕ್ಸುಗಳ ನಂಟು ಕಡಿದಿರುತ್ತದೆ, ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಸಿಗದು, ಆದ್ದರಿಂದ ರಿಬ್ಬನ್ನು, ಗುಂಡು, ಗಿಡಮೂಲಿಕೆಗಳನ್ನು ಬಂಗಲೆಯ ಯಾವ ಮೂಲೆಯಲ್ಲಿ ಎಷ್ಟು ಬಚ್ಚಿಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಹೊರಡಬೇಕು.